ಮಾವನ ಲೆನ್ಸು, ಅಳಿಯನ ಕ್ಯಾಮೆರಾ

ಓದುಗರ ಪ್ರಶ್ನೆಗಳಿಗೆ ಬೆಳಗಾವಿಯ ಹಳೆಯ ಕ್ಯಾಮೆರಾ ರಿಪೇರಿಗಾರರೊಬ್ಬರ ಉತ್ತರ

ಪ್ರಶ್ನೆ: ನನ್ನ ಮಾವನವರು ಮದುವೆ ಫೋಟೋ ತೆಗೆಯುತ್ತಿದ್ದವರು. ನಿಕಾನ್ ಕಂಪನಿಯ ನಿಕ್ಕರ್ ಹೆಸರಿನ ಅವರ ಎರಡು ಲೆನ್ಸುಗಳು ನನ್ನ ಪಾಲಿಗೆ ಬಂದಿವೆ: 50 ಎಂಎಂ ಎಫ್ 1.4 ಮತ್ತು 135 ಎಂಎಂ ಎಫ್ 2.8. ಅವುಗಳಿಗಾಗಿಯೇ ಒಂದು ಹಳೆಯ ನಿಕಾನ್ ಎಫ್80 ಕೊಂಡೆ. 50 ಸಲೀಸಾಗಿ ಕುಳಿತುಕೊಂಡಿತು. ಆದರೆ ಕ್ಯಾಮೆರಾದಲ್ಲಿ ಎಫ್ ಅಕ್ಷರದ ಮುಂದೆ ಎರಡು ಅಡ್ಡಗೆರೆ ಮಿನುಗುತ್ತವೆ, ಗುಂಡಿ ಒತ್ತಿದರೆ ಶಟರ್ ಬೀಳುವುದಿಲ್ಲ. ಮಾರಿದವರು ಕ್ಯಾಮೆರಾ ಸರಿಯಿದೆ ಎನ್ನುತ್ತಾರೆ. 135 ಅಂತೂ ಅರ್ಧಕ್ಕೇ ಬಿಗಿಯಾಗಿ ನಿಲ್ಲುತ್ತದೆ. ಸ್ವಲ್ಪ ಬಲ ಹಾಕಲೇ?
– ಓದುಗರು, ಜಮಖಂಡಿ

ಉತ್ತರ: ಬಲ ಹಾಕಬೇಡಿ. ಆ 135 ಅನ್ನು ಮೆಲ್ಲಗೆ ಹಿಂದಕ್ಕೆ ತಿರುಗಿಸಿ ತೆಗೆದು ಮೇಜಿನ ಮೇಲಿಡಿ. ಮುಂದಿನದನ್ನು ಆಮೇಲೆ ಓದಿ.

ಇದನ್ನು ನಾನು ದಂಡ ತೆತ್ತು ಕಲಿತಿದ್ದೇನೆ. ಬನಶಂಕರಿ ಜಾತ್ರೆಗೆ ಹೊರಟಿದ್ದ ಗಿರಾಕಿಯೊಬ್ಬರು ತಮ್ಮ ನಿಕಾನ್ ಎಫ್-801 ಅನ್ನು ಒರೆಸಿ ಕೊಡಿ ಎಂದು ಬಿಟ್ಟುಹೋಗಿದ್ದರು. ಕಪಾಟಿನಲ್ಲಿದ್ದ ಒಂದು ಹಳೆಯ ನಿಕ್ಕರ್ ಲೆನ್ಸನ್ನು ಅದಕ್ಕೆ ಹಾಕಿ ನೋಡುವ ಚಪಲ ನನಗೆ. ಮುಕ್ಕಾಲು ದಾರಿ ತಿರುಗಿ ನಿಂತಿತು. ಇನ್ನೊಂದಿಷ್ಟು ತಿರುಗಿಸಿದೆ. ಪುಟಾಣಿ ಕಡಿದಂಥ ಸದ್ದಾಯಿತು. ಕ್ಯಾಮೆರಾದ ಮೌಂಟಿನ (ಲೆನ್ಸು ಕೂರುವ ಬಾಯಿಯ) ಅಂಚಿನಲ್ಲಿದ್ದ ಸಣ್ಣ ನಾಲಗೆ ಮುರಿದು ಅಂಗೈ ಮೇಲೆ ಬಿದ್ದಿತ್ತು. ಆ ವರ್ಷ ಅವರು ಜಾತ್ರೆಗೆ ಒಯ್ದದ್ದು ನನ್ನ ಸ್ವಂತ ಕ್ಯಾಮೆರಾವನ್ನು.

ಆ ನಾಲಗೆಯ ಕಥೆ ತಿಳಿದರೆ ನಿಮ್ಮ ಎರಡೂ ಗಂಟು ಬಿಡಿಸಿಕೊಳ್ಳುತ್ತವೆ. ನಿಕಾನ್ ತನ್ನ ಎಫ್ ಮೌಂಟನ್ನು ತಂದದ್ದು 1959ರಲ್ಲಿ. ಅಂದಿನಿಂದ ಬಾಗಿಲಿನ ಅಳತೆ ಒಂದೇ. ಮನೆಯೊಳಗಿನ ರಿವಾಜು ಮಾತ್ರ ಬದಲಾಗುತ್ತ ಬಂತು. ಬೆಳಕು ಬರುವ ಕಿಂಡಿ, ಅಂದರೆ ಅಪರ್ಚರ್, ಎಷ್ಟು ತೆರೆಯಬೇಕೆಂದು ಹೇಳುವುದು ಎಫ್ ಅಂಕಿ. ಲೆನ್ಸಿನ ಉಂಗುರವನ್ನು ಎಫ್ 8ಕ್ಕೆ ತಿರುಗಿಸಿದ್ದೀರಿ ಎಂಬುದು ಬೆಳಕು ಅಳೆಯುವ ಕ್ಯಾಮೆರಾದ ಮೀಟರಿಗೆ ಹೇಗಾದರೂ ಗೊತ್ತಾಗಬೇಕಲ್ಲ? ಮೊದಮೊದಲು ಉಂಗುರದ ಮೇಲೆ ಕೊಂಬಿನಂಥ ಒಂದು ಕವಲನ್ನು ಕೂರಿಸಿ, ಅದರ ಮೂಲಕ ತಿಳಿಸುತ್ತಿದ್ದರು. ಲೆನ್ಸು ಹಾಕಿದಾಗಲೆಲ್ಲ ಉಂಗುರವನ್ನು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ತಿರುಗಿಸಬೇಕಾಗುತ್ತಿತ್ತು. 1977ರಲ್ಲಿ ಎಐ ಪದ್ಧತಿ ಬಂತು. (ಇಂದಿನ ಎಐ ಅಲ್ಲ. ಇದಕ್ಕೆ ಬುದ್ಧಿ ಇರಲಿಲ್ಲ, ಒಂದು ಮೆಟ್ಟಿಲು ಮಾತ್ರ ಇತ್ತು.) ಉಂಗುರದ ಹಿಂಬದಿಯ ಅಂಚನ್ನು ಸ್ವಲ್ಪ ಕಡಿದು ಮೆಟ್ಟಿಲು ಮಾಡಿದರು. ಆ ಮೆಟ್ಟಿಲು ಕ್ಯಾಮೆರಾದ ನಾಲಗೆಯನ್ನು ತಳ್ಳುತ್ತದೆ, ಮೀಟರಿಗೆ ವಿಷಯ ಮುಟ್ಟುತ್ತದೆ. 1977ಕ್ಕೂ ಹಿಂದಿನ ಲೆನ್ಸುಗಳಲ್ಲಿ ಅಂಚು ಕಡಿದಿರುವುದಿಲ್ಲ. ತುಂಬು ಅಂಚು ನೇರವಾಗಿ ಬಂದು ಆ ನಾಲಗೆಗೋ, ನಾಲಗೆ ಇಲ್ಲದ ಕ್ಯಾಮೆರಾದಲ್ಲಿ ಮೌಂಟಿನ ಅಂಚಿನ ಬೇರೊಂದು ಸೂಕ್ಷ್ಮ ಭಾಗಕ್ಕೋ ಗುದ್ದುತ್ತದೆ. ನಿಮ್ಮ 135 ಆ ಕಾಲದ್ದು ಎಂದು ನನ್ನ ಎಣಿಕೆ. ಉಂಗುರವನ್ನು ನೋಡಿ. ಎಫ್ ಅಂಕಿಗಳು ದೊಡ್ಡ ಅಕ್ಷರದಲ್ಲಿ ಒಂದು ಸಾಲು, ಅದರ ಹಿಂದೆ ಮೌಂಟಿನ ಕಡೆಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು ಇದ್ದರೆ ಅದು ಎಐ. ಒಂದೇ ಸಾಲು ಇದ್ದರೆ ದೂರವಿಡಿ.

ದೂರವಿಡಿ ಎಂದರೆ ತೂಕಕ್ಕೆ ಹಾಕಿ ಎಂದಲ್ಲ. ಇಂಥ ಲೆನ್ಸುಗಳ ಉಂಗುರ ಬಿಚ್ಚಿ, ಅಂಚನ್ನು ಲೇಥಿನಲ್ಲಿ ಕಡಿಸಿದರೆ ಅವು ಎಐ ಆಗುತ್ತವೆ. ನಿಕಾನ್ ಕೂಡ ಒಂದು ಕಾಲದಲ್ಲಿ ಇದಕ್ಕಾಗಿಯೇ ಬದಲಿ ಉಂಗುರಗಳನ್ನು ಮಾರುತ್ತಿತ್ತು. ಉದ್ಯಮಬಾಗದಲ್ಲಿ ಹೈಡ್ರಾಲಿಕ್ ಬಿಡಿಭಾಗ ಕಡಿಯುವ ಒಬ್ಬ ಕೆಲಸಗಾರನಿಂದ ನಾನು ಕೆಲವನ್ನು ಮಾಡಿಸಿದ್ದೇನೆ. ಪಂಪಿನ ಕೆಲಸಕ್ಕಿಂತ ಇದೇ ನಾಜೂಕು ಎಂದು ಆತ ಪ್ರತಿಸಲ ಗೊಣಗುತ್ತಿದ್ದ, ಪ್ರತಿಸಲ ಸರಿಯಾಗಿಯೇ ಮಾಡಿಕೊಡುತ್ತಿದ್ದ.

ಇನ್ನು 50. ಅದು ಎಐ, ಕ್ಯಾಮೆರಾವೂ ಕೆಟ್ಟಿಲ್ಲ. ಎಫ್80ರಲ್ಲಿ ನಿಕಾನ್‌ನವರು ಆ ನಾಲಗೆಯನ್ನೇ ಇಟ್ಟಿಲ್ಲ, ಅಷ್ಟೇ. ಚಿಪ್ ಇರುವ ಲೆನ್ಸಿನೊಂದಿಗೆ ಮಾತ್ರ ಅದು ಮಾತನಾಡುತ್ತದೆ. ಡಯಲನ್ನು ‘ಎಂ’ (ಮ್ಯಾನುಯಲ್) ಗುರುತಿಗೆ ತಿರುಗಿಸಿ, ಶಟರ್ ಬೀಳುತ್ತದೆ. ಮೀಟರ್ ಮಾತ್ರ ಸತ್ತಂತೆಯೇ ಇರುತ್ತದೆ. ಎಫ್-501, ಎಫ್-801, ಎಫ್90, ಎಫ್100, ಎಫ್5 ಇವುಗಳಲ್ಲಿ ನಾಲಗೆ ಇದೆ. ಎ ಮೋಡಿನಲ್ಲಿಟ್ಟು ಉಂಗುರ ತಿರುಗಿಸಿದರೆ ಶಟರ್ ವೇಗವನ್ನು ಅವೇ ಆರಿಸಿಕೊಳ್ಳುತ್ತವೆ. 1988ರ ಎಫ್4 ಇನ್ನೂ ಉದಾರಿ. ಅದರ ನಾಲಗೆಯನ್ನು ಮಡಚಿ ಮೇಲಕ್ಕೆತ್ತಬಹುದು, ಕಡಿಸದ 135 ಕೂಡ ಕೂರುತ್ತದೆ. ಕ್ಯಾಮೆರಾ ಕೊಳ್ಳುವ ಮುಂಚೆ ಪತ್ರ ಬರೆದಿದ್ದರೆ ಎಫ್100 ಕೊಳ್ಳಿ ಎನ್ನುತ್ತಿದ್ದೆ. ಕೊಂಡಾಗಿದೆ, ಇರಲಿ.

ಮೀಟರ್ ಇಲ್ಲದೆ ಏನು ಮಾಡುವುದು ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಜಮಖಂಡಿಯ ಬಿಸಿಲಿಗಿಂತ ನಂಬಿಕಸ್ಥ ಮೀಟರ್ ಯಾವುದಿದೆ? ಐಎಸ್‌ಒ 200ರ ಫಿಲ್ಮು, ನೆರಳಿನ ಅಂಚು ಚಾಕುವಿನಲ್ಲಿ ಕೊಯ್ದಂತೆ ಬೀಳುವ ಬಿಸಿಲು: ಎಫ್ 16, ಸೆಕೆಂಡಿನ 1/250. ಎಫ್ 8 ಬೇಕಾದರೆ 1/1000. ಕಟ್ಟೆಯ ನೆರಳಿನಲ್ಲಿ ಕುಳಿತವರಿಗೆ 1/250ರಲ್ಲೇ ಎಫ್ 4. ಅನುಮಾನ ಬಂದರೆ ಒಂದು ಸ್ಟಾಪ್ ಹೆಚ್ಚು, ಅಂದರೆ ಎರಡರಷ್ಟು ಬೆಳಕು ಕೊಡಿ. ನೆಗೆಟಿವ್ ಫಿಲ್ಮು ಹೆಚ್ಚಾದ ಬೆಳಕನ್ನು ನುಂಗಿಕೊಳ್ಳುತ್ತದೆ, ಕಡಿಮೆಯಾದರೆ ಸೇಡು ತೀರಿಸಿಕೊಳ್ಳುತ್ತದೆ. ನಿಮ್ಮ ಮಾವನವರಿಗೆ ಇದೆಲ್ಲ ಬಾಯಿಪಾಠವಿರುತ್ತದೆ. ಮುಂದಿನ ಸಲ ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ.

ಪ್ರಶ್ನೆ: ನಮ್ಮ ತಂದೆಯ ಸ್ಟುಡಿಯೋದಲ್ಲಿದ್ದ ಯಾಶಿಕಾ ಎಫ್ಎಕ್ಸ್-3 ಈಗ ಕೆಲಸ ಮಾಡುತ್ತಿಲ್ಲ, ಅದರ ಕಪ್ಪು ಚರ್ಮವೆಲ್ಲ ಸುಲಿದು ಹೋಗಿದೆ. 50 ಎಂಎಂ ಲೆನ್ಸು ಮಾತ್ರ ಚೆನ್ನಾಗಿದೆ. ನನ್ನ ಬಳಿ ಕ್ಯಾನನ್ ಇಒಎಸ್ 300 ಫಿಲ್ಮ್ ಕ್ಯಾಮೆರಾ ಇದೆ. ಗೆಳತಿಯ ಮನೆಯಲ್ಲಿ ಕ್ಯಾನನ್ ಕಂಪನಿಯದೇ ಹಳೆಯ ಎಫ್‌ಡಿ ಲೆನ್ಸೂ ಇದೆ. ಕ್ಯಾನನ್‌ಗೆ ಕ್ಯಾನನ್ನೇ ಹೊಂದುತ್ತದಲ್ಲವೇ? ಯಾವುದನ್ನು ಹಾಕಲಿ?
– ವಿದ್ಯಾರ್ಥಿನಿ, ಬೆಳಗಾವಿ

ಉತ್ತರ: ತಂಗಿ, ಎಲ್ಲರೂ ಎಡವುವ ಜಾಗದಲ್ಲೇ ನೀನೂ ಎಡವಿದ್ದೀ. ಕ್ಯಾನನ್‌ಗೆ ಕ್ಯಾನನ್ ಹೊಂದುವುದಿಲ್ಲ, ಯಾಶಿಕಾ ಹೊಂದುತ್ತದೆ. ಬೇಕಾದರೆ ನಿಕಾನ್ ಲೆನ್ಸೂ ಹೊಂದುತ್ತದೆ.

ಇದು ಬರೀ ಅಳತೆಯ ಮಾತು. ಕ್ಯಾಮೆರಾದ ಮೌಂಟಿನಿಂದ ಒಳಗಿನ ಫಿಲ್ಮಿನವರೆಗೆ ಒಂದು ನಿಗದಿತ ದೂರವಿರುತ್ತದೆ, ಕಂಪನಿಗೊಂದು ಅಳತೆ. 1987ರಲ್ಲಿ ಬಂದ ಕ್ಯಾನನ್ ಇಒಎಸ್‌ಗೆ 44 ಮಿಲಿಮೀಟರ್. ಯಾಶಿಕಾಕ್ಕೆ 45.5, ನಿಕಾನ್‌ಗೆ 46.5, ಒಲಿಂಪಸ್ ಓಎಂಗೆ 46, ಝೆನಿಟ್‌ನಂಥ ತಿರುಪಿನ ಎಂ42ಕ್ಕೆ 45.46. ಯಾಶಿಕಾ ಲೆನ್ಸು ತನ್ನ ಮನೆಯಲ್ಲಿ ಫಿಲ್ಮಿನಿಂದ 45.5 ದೂರದಲ್ಲಿ ನಿಂತು ಅಭ್ಯಾಸವಾದದ್ದು. ನಿನ್ನ ಕ್ಯಾಮೆರಾದಲ್ಲಿ ಮೌಂಟು 44ಕ್ಕೇ ಇದೆ. ನಡುವಿನ ಒಂದೂವರೆ ಮಿಲಿಮೀಟರಿನಲ್ಲಿ ಅಡಾಪ್ಟರ್ ಉಂಗುರ ಕೂರುತ್ತದೆ, ಲೆನ್ಸು ತನ್ನ ಮನೆಯಲ್ಲೇ ಇದ್ದೇನೆಂದು ನಂಬಿಕೊಳ್ಳುತ್ತದೆ. ಹಳೆಯ ಎಫ್‌ಡಿಯ ಅಳತೆ 42. ಅದನ್ನು ಎರಡು ಮಿಲಿಮೀಟರ್ ಒಳಗೆ ತಳ್ಳಬೇಕು, ತಳ್ಳಲು ಜಾಗವಿಲ್ಲ. ಉಂಗುರ ಹಾಕಿ ಕೂರಿಸಿದರೆ ಹತ್ತಿರದ ಹೂವು ಕಾಣುತ್ತದೆ, ದೂರದ ಗುಡ್ಡ ಎಂದೂ ಫೋಕಸ್ ಆಗುವುದಿಲ್ಲ. ನಡುವೆ ಗಾಜು ಇಟ್ಟ ಅಡಾಪ್ಟರುಗಳು ಸಿಗುತ್ತವೆ. ಒಳ್ಳೆಯ ಲೆನ್ಸಿನ ಹಿಂದೆ ಅಗ್ಗದ ಗಾಜು ಇಡುವುದು ನನಗೆ ಸೇರುವುದಿಲ್ಲ. ಗೆಳತಿಯ ಎಫ್‌ಡಿ ಅಲ್ಲೇ ಇರಲಿ.

ಯಾಶಿಕಾವನ್ನು ಕೂರಿಸಿ ಎವಿ ಮೋಡಿನಲ್ಲಿಡು. ಅಪರ್ಚರ್ ಇರುವ ಜಾಗದಲ್ಲಿ ಕ್ಯಾಮೆರಾ ಎರಡು ಸೊನ್ನೆ ತೋರಿಸುತ್ತದೆ, ಗಾಬರಿಯಾಗಬೇಡ. ಲೆನ್ಸೇ ಇಲ್ಲ ಎಂದು ಅದು ತಿಳಿದಿದೆ. ಆದರೂ ಒಳಗೆ ಬಂದ ಬೆಳಕನ್ನು ಅಳೆದು ಶಟರ್ ವೇಗವನ್ನು ತಾನೇ ಹಾಕುತ್ತದೆ. ಒಂದೇ ಕಷ್ಟ: ಎಫ್ 8ಕ್ಕೆ ತಿರುಗಿಸಿದ ಕೂಡಲೇ ವ್ಯೂಫೈಂಡರಿನಲ್ಲಿ ಸಂಜೆಯಾಗುತ್ತದೆ. ಹಾಗಾಗಿ ಅಪರ್ಚರ್ ಉಂಗುರವನ್ನು ಪೂರ್ತಿ ತೆರೆದು ಫೋಕಸ್ ಮಾಡು, ಆಮೇಲೆ ಕಣ್ಣು ತೆಗೆಯದೆ ಬೆರಳಿನಲ್ಲೇ ‘ಟಿಕ್’ಗಳನ್ನು ಎಣಿಸುತ್ತ ಮುಚ್ಚು. ಎರಡು ರೋಲು ಮುಗಿಯುವಷ್ಟರಲ್ಲಿ ಬೆರಳಿಗೆ ಲೆಕ್ಕ ಬಂದಿರುತ್ತದೆ. ಫಿಲ್ಮು ಹಾಕುವ ಮೊದಲು ಇನ್ನೊಂದು ಪರೀಕ್ಷೆ ಮಾಡು. ಲೆನ್ಸನ್ನು ಅನಂತ ಗುರುತಿಗೆ ತಂದು ಒಮ್ಮೆ ಶಟರ್ ಒತ್ತಿ ಕಿವಿಗೊಡು. ಕೆಲವು ಲೆನ್ಸುಗಳ ಹಿಂಬದಿ ಒಳಗೆ ಚಾಚಿಕೊಂಡು ಕನ್ನಡಿಗೆ ತಾಗುವುದುಂಟು. ಸದ್ದು ಎಂದಿನಂತಿಲ್ಲದಿದ್ದರೆ ಅಲ್ಲಿಗೇ ನಿಲ್ಲಿಸು.

ಎಫ್ಎಕ್ಸ್-3ರ ಚರ್ಮ ಸುಲಿಯುವುದು ಅದರ ಹುಟ್ಟುಗುಣ. ಸುಲಿಯದ ಎಫ್ಎಕ್ಸ್-3 ನನ್ನ ಕಣ್ಣಿಗೆ ಬಿದ್ದದ್ದು ಅಪರೂಪ. ಒಮ್ಮೆ ಅಂಗಡಿಗೆ ತಂದುಕೊಡು ಎನ್ನಲು ನಾನೀಗ ಅಂಗಡಿ ಮುಚ್ಚಿದ್ದೇನೆ. ಆದರೆ ಎಸೆಯಬೇಡ. ಅದರ ಶಟರ್ ಬ್ಯಾಟರಿಯಿಲ್ಲದೆಯೂ ಓಡುವಂಥದ್ದು. ದುಡಿಮೆ ನಿಲ್ಲಿಸಲು ಎಷ್ಟೋ ಸಲ ಒಣಗಿದ ಎಣ್ಣೆಯಷ್ಟೇ ಕಾರಣವಾಗಿರುತ್ತದೆ.

ಪ್ರಶ್ನೆ: ನಿಕಾನ್ ಎಫ್100ಕ್ಕೆ ಹಳೆಯ 50 ಎಂಎಂ ಎಫ್ 1.4 ಹಾಕಿ ಅಜ್ಜಿಯ ಫೋಟೋ ತೆಗೆದೆ. ವ್ಯೂಫೈಂಡರಿನಲ್ಲಿ ಕಣ್ಣು ಸ್ಪಷ್ಟವಾಗಿತ್ತು. ಪ್ರಿಂಟಿನಲ್ಲಿ ಕಿವಿಯ ಓಲೆ ಸ್ಪಷ್ಟವಾಗಿದೆ. ಇಡೀ ರೋಲು ಹೀಗೇ ಆಗಿದೆ. ಲೆನ್ಸು ಕೆಟ್ಟಿದೆಯೇ, ನನ್ನ ಕಣ್ಣು ಕೆಟ್ಟಿದೆಯೇ?
– ಓದುಗರು, ವಿಜಯಪುರ

ಉತ್ತರ: ಎರಡೂ ಕೆಟ್ಟಿಲ್ಲ. ನಿಮ್ಮ ಕ್ಯಾಮೆರಾದ ವ್ಯೂಫೈಂಡರಿನೊಳಗಿನ ಪರದೆ ನಿಮಗೆ ಸುಳ್ಳು ಹೇಳಿದೆ. ಈ ಕಂತಿಗೆ ಬಂದ ಪತ್ರಗಳಲ್ಲಿ ಮುಖ್ಯವಾದದ್ದು ಇದೇ ಎಂದು ನನಗನಿಸುತ್ತದೆ. ಎಲ್ಲರೂ ಲೆನ್ಸು ಕೂರುತ್ತದೆಯೇ, ಮೀಟರ್ ಓಡುತ್ತದೆಯೇ ಎಂದೇ ಕೇಳುತ್ತಾರೆ. ಕಾಣಿಸುತ್ತದೆಯೇ ಎಂದು ಯಾರೂ ಕೇಳುವುದಿಲ್ಲ.

ಕೈಯಿಂದ ಫೋಕಸ್ ಮಾಡುವ ಕಾಲದ ಕ್ಯಾಮೆರಾಗಳ ಪರದೆಯ ನಡುವೆ ಒಂದು ದುಂಡು ಇರುತ್ತಿತ್ತು. ಫೋಕಸ್ ತಪ್ಪಿದರೆ ಕಂಬ ಎರಡು ತುಂಡಾಗಿ ಕಾಣುತ್ತಿತ್ತು, ಸರಿಯಾದರೆ ತುಂಡುಗಳು ಕೂಡಿಕೊಳ್ಳುತ್ತಿದ್ದವು. ಸುತ್ತಲಿನ ಪರದೆ ಒರಟಾಗಿತ್ತು, ಮಬ್ಬಾದದ್ದನ್ನು ಮಬ್ಬಾಗಿಯೇ ತೋರಿಸುತ್ತಿತ್ತು. ಆಟೋಫೋಕಸ್ ಬಂದ ಮೇಲೆ ಫೋಕಸ್ ಮಾಡುವ ಹೊಣೆ ಕಣ್ಣಿನ ಕೈತಪ್ಪಿತು. ಕನ್ನಡಿಯ ನಡುಭಾಗದಿಂದ ಒಂದಿಷ್ಟು ಬೆಳಕು ಸೋಸಿ ಕೆಳಗಿನ ಸೆನ್ಸರಿಗೆ ಹೋಗತೊಡಗಿತು, ಪರದೆಗೆ ಅಷ್ಟು ಬೆಳಕು ಕಡಿಮೆಯಾಯಿತು. ಜನ ಕೊಳ್ಳುತ್ತಿದ್ದದ್ದು ಎಫ್ 3.5, 5.6ರ ಝೂಮುಗಳನ್ನು. ಅವುಗಳಲ್ಲೂ ಬೆಳ್ಳಗೆ ಕಾಣಲಿ ಎಂದು ಪರದೆಯನ್ನು ನುಣುಪು ಮಾಡಿದರು. ನುಣುಪು ಪರದೆ ಎಫ್ 1.4ರ ಮಬ್ಬನ್ನು ತೋರಿಸಲಾರದು. ಸುಮಾರು ಎಫ್ 2.8ರಲ್ಲಿ ಸ್ಪಷ್ಟವಾಗಿರುವಷ್ಟು ಆಳ ನಿಮಗೆ ಕಾಣುತ್ತದೆ, ಫಿಲ್ಮಿಗೆ ಮಾತ್ರ ನಿಜವಾದ 1.4 ಬೀಳುತ್ತದೆ.

ಲೆಕ್ಕ ನೋಡಿ. ಒಂದು ಮೀಟರ್ ದೂರದಲ್ಲಿ 50 ಎಂಎಂ ಲೆನ್ಸು ಎಫ್ 1.4ರಲ್ಲಿ ಸ್ಪಷ್ಟವಾಗಿ ಹಿಡಿಯುವ ಆಳ ಮೂರು ಸೆಂಟಿಮೀಟರಿಗೆ ತುಸು ಹೆಚ್ಚು. ಅಜ್ಜಿ ಉಸಿರು ಬಿಟ್ಟರೆ ಸಾಕು, ಕಣ್ಣು ಅದರಿಂದ ಆಚೆಗೆ ಹೋಯಿತು. ಎಫ್ 4ಕ್ಕೆ ಮುಚ್ಚಿದರೆ ಒಂಬತ್ತು ಸೆಂಟಿಮೀಟರಿಗೂ ಹೆಚ್ಚು ಸಿಗುತ್ತದೆ, ಕಣ್ಣೂ ಮೂಗುತಿಯೂ ಒಳಗೆ ಬರುತ್ತವೆ. ಎಫ್ 1.4 ಎಂದು ಬರೆದಿದೆ ಎಂದ ಮಾತ್ರಕ್ಕೆ 1.4ರಲ್ಲೇ ತೆಗೆಯಬೇಕೆಂದು ಯಾರೂ ಆಣೆ ಹಾಕಿಸಿಕೊಂಡಿಲ್ಲ.

ಆದರೂ ತೆರೆದೇ ತೆಗೆಯಬೇಕೆಂದರೆ, ಕಣ್ಣನ್ನು ಬಿಟ್ಟು ಕ್ಯಾಮೆರಾದ ಸೆನ್ಸರನ್ನು ನಂಬಿ. ಎಫ್ 5.6 ಅಥವಾ ಅದಕ್ಕಿಂತ ದೊಡ್ಡ ಅಪರ್ಚರಿನ (ಅಂದರೆ ಸಣ್ಣ ಅಂಕಿಯ) ಯಾವ ಲೆನ್ಸು ಹಾಕಿದರೂ, ಅದು ಹಳೆಯದೇ ಆಗಲಿ, ಫೋಕಸ್ ಸರಿಯಾದಾಗ ವ್ಯೂಫೈಂಡರಿನ ಕೆಳಗೆ ದುಂಡು ಚುಕ್ಕೆ ಹೊತ್ತುತ್ತದೆ. ಎಫ್100 ಯಾವ ಕಡೆ ತಿರುಗಿಸಬೇಕೆಂದು ಬಾಣದ ಗುರುತನ್ನೂ ತೋರಿಸುತ್ತದೆ. ಒಂದು ಸೂಕ್ಷ್ಮವಿದೆ. ಫೋಕಸ್ ಉಂಗುರವನ್ನು ಸ್ವಲ್ಪ ತಿರುಗಿಸಿದರೂ ಚುಕ್ಕೆ ಹೊತ್ತಿಯೇ ಇರುತ್ತದೆ. ಹತ್ತಿರದಿಂದ ತಿರುಗಿಸುತ್ತ ಬಂದು ಎಲ್ಲಿ ಹೊತ್ತಿತು ನೋಡಿ, ದೂರದಿಂದ ಬಂದು ಎಲ್ಲಿ ಹೊತ್ತಿತು ನೋಡಿ, ನಡುವೆ ನಿಲ್ಲಿಸಿ. ನಿಮ್ಮ ಉಂಗುರ ಸುಮಾರು ಅರ್ಧ ಸುತ್ತು ತಿರುಗುವಂಥದ್ದು, ಆದ್ದರಿಂದ ಈ ನಡುವನ್ನು ಹುಡುಕಲು ಸಾಧ್ಯ. ಆಟೋಫೋಕಸ್ ಲೆನ್ಸಿನ ಸಡಿಲು ಉಂಗುರದಲ್ಲಿ ಇದನ್ನು ಮಾಡಿ ನೋಡಿ, ಸಾಕಾಗಿಹೋಗುತ್ತದೆ. ಎಫ್100ಕ್ಕೆ ನಿಕಾನ್ ತಯಾರಿಸಿದ ಪರದೆಗಳು ಎರಡೇ ಬಗೆ, ಒಂದು ಖಾಲಿ, ಇನ್ನೊಂದು ಚೌಕಗೆರೆಯದು. ತುಂಡು ಬಿಂಬದ್ದು ಹುಡುಕಿ ಸುಸ್ತಾಗಬೇಡಿ.

ಸಂತೆ, ಉರುಸು, ತೇರು ಇಂಥಲ್ಲಿ ಚುಕ್ಕೆ ನೋಡುತ್ತ ಕೂರಲು ಪುರುಸೊತ್ತು ಎಲ್ಲಿರುತ್ತದೆ? ಅಲ್ಲಿ ನಾನು 28 ಎಂಎಂ ಹಾಕುತ್ತಿದ್ದೆ. ಎಫ್ 8, ದೂರದ ಗುರುತು ಮೂರು ಮೀಟರ್ ದಾಟಿ ಸ್ವಲ್ಪ ಮುಂದೆ. ಒಂದೂ ಮುಕ್ಕಾಲು ಮೀಟರಿನಿಂದ ಹಿಡಿದು ಕ್ಷಿತಿಜದವರೆಗೆ ಎಲ್ಲವೂ ಸ್ಪಷ್ಟ. ಹಳೆಯ ಲೆನ್ಸಿನ ಮೈಮೇಲೆ ಎಫ್ ಅಂಕಿಗೊಂದರಂತೆ ಜೋಡಿ ಗೆರೆ ಕೊರೆದಿರುವುದು ಇದಕ್ಕಾಗಿಯೇ. ಈಚಿನ ಅಗ್ಗದ ಆಟೋಫೋಕಸ್ ಲೆನ್ಸುಗಳಲ್ಲಿ ಆ ಗೆರೆಗಳೇ ಇಲ್ಲ. ಹಾಗೆ ಹೊಂದಿಸಿಟ್ಟುಕೊಂಡರೆ ಯಾವ ಆಟೋಫೋಕಸ್ಸಿಗೂ ಕಾಯಬೇಕಿಲ್ಲ.

ನಿಮ್ಮೂರಿನವರಿಗೆ ಇನ್ನೊಂದು ಮಾತು. ಗೋಲ ಗುಮ್ಮಟದ ಪಿಸುಮಾತಿನ ಗ್ಯಾಲರಿಗೆ ಒಮ್ಮೆ ಮೋಟಾರಿನ ಕ್ಯಾಮೆರಾ ಒಯ್ದಿದ್ದೆ. ಎದುರು ಬದಿಯಲ್ಲಿ ಗೋಡೆಗೆ ಕಿವಿಯಿಟ್ಟಿದ್ದ ಹುಡುಗಿಯ ಮುಖ ಬೇಕಿತ್ತು. ನಾನು ಶಟರ್ ಒತ್ತಿದೆ, ಫಿಲ್ಮು ಮುಂದೋಡಿದ ಸದ್ದು ಗುಮ್ಮಟವೆಲ್ಲ ಸುತ್ತಿ ಮತ್ತೆ ಮತ್ತೆ ತಿರುಗಿ ಬಂತು. ಅಲ್ಲಿದ್ದವರೆಲ್ಲ ನನ್ನನ್ನೇ ನೋಡಿದರು. ಹುಡುಗಿ ಮಾತ್ರ ಕಿವಿ ಮುಚ್ಚಿಕೊಂಡಿದ್ದಳು. ಆ ಫೋಟೋ ಚೆನ್ನಾಗಿ ಬಂತು.

ಪ್ರಶ್ನೆ: ಮಿನೋಲ್ಟಾ ಡೈನಾಕ್ಸ್ ಕ್ಯಾಮೆರಾಕ್ಕೆ ಅದೇ ಕಂಪನಿಯ ಹಳೆಯ ಎಂಡಿ ಲೆನ್ಸು ಆದೀತೇ?
– ಓದುಗರು, ಚಿಕ್ಕೋಡಿ

ಉತ್ತರ: ಆಗದು. 1985ರ 7000 ಮಾದರಿಯೊಂದಿಗೆ ಮಿನೋಲ್ಟಾ ಮೌಂಟನ್ನೇ ಬದಲಿಸಿತು. ಮೌಂಟಿನಿಂದ ಫಿಲ್ಮಿಗೆ ದೂರ ಹಳೆಯದರಲ್ಲಿ 43.5, ಹೊಸದರಲ್ಲಿ 44.5 ಮಿಲಿಮೀಟರ್. ಒಂದೇ ಒಂದು ಮಿಲಿಮೀಟರಿಗೆ ಕೆಲಸ ಕೆಟ್ಟಿತು. ಎಂಡಿ ಲೆನ್ಸು ಚೆನ್ನಾಗಿದ್ದರೆ ಅದಕ್ಕೊಂದು ಹಳೆಯ ಮಿನೋಲ್ಟಾ ಹುಡುಕಿ.

ಪ್ರಶ್ನೆ: ಪೆಂಟಾಕ್ಸ್ ಕೆ1000ದ ಲೆನ್ಸು ಇದೆ. ಯಾವ ಆಟೋಫೋಕಸ್ ಕ್ಯಾಮೆರಾ ಕೊಳ್ಳಲಿ?
– ಓದುಗರು, ಬಾಗಲಕೋಟೆ

ಉತ್ತರ: ಎಂಝಡ್-5ಎನ್ ಸಿಕ್ಕರೆ ಕಣ್ಣು ಮುಚ್ಚಿ ಕೊಳ್ಳಿ. 1975ರ ಕೆ ಮೌಂಟನ್ನು ಪೆಂಟಾಕ್ಸ್ ಕೈಬಿಡಲಿಲ್ಲ. ಎಂಝಡ್-50 ಮಾತ್ರ ಬೇಡ, ಅಗ್ಗ ಮಾಡಲು ಹೋಗಿ ಉಂಗುರವನ್ನು ಓದುವ ಸನ್ನೆಕೋಲನ್ನು ಅದರಿಂದ ಕಿತ್ತುಹಾಕಿದ್ದಾರೆ. ಲೆನ್ಸಿನ ಉಂಗುರದ ಮೇಲೆ ಎ ಎಂಬ ಅಕ್ಷರವಿದ್ದರೆ ಮಾತು ಬೇರೆ.

ಪ್ರಶ್ನೆ: ಹಳೆಯ ಲೆನ್ಸಿನ ಅಪರ್ಚರ್ ಎಲೆಗಳ ಮೇಲೆ ಎಣ್ಣೆ ಹರಿದಿದೆ. ಫೋಟೋಗಳು ಬೆಳ್ಳಗೆ ಬರುತ್ತಿವೆ. ಎರಡಕ್ಕೂ ಸಂಬಂಧವಿದೆಯೇ?
– ಓದುಗರು, ಇಳಕಲ್

ಉತ್ತರ: ಇದೆ. ನಿಮ್ಮ ಕಡೆಯ ಬೇಸಿಗೆಯಲ್ಲಿ ಟ್ರಂಕಿನೊಳಗಿಟ್ಟ ಲೆನ್ಸಿನ ಗ್ರೀಸು ಕರಗಿ ಎಲೆಗಳಿಗೆ ಇಳಿಯುತ್ತದೆ. ನಿಕಾನ್, ಪೆಂಟಾಕ್ಸ್‌ಗಳಲ್ಲಿ ಎಲೆಗಳು ತೆರೆದೇ ಇದ್ದು, ಶಟರ್ ಬೀಳುವ ಮುನ್ನ ರೆಪ್ಪೆ ಬಡಿದಂತೆ ಮುಚ್ಚಬೇಕು. ಎಣ್ಣೆಗೆ ಅಂಟಿದ ಎಲೆ ತಡವಾಗಿ ಮುಚ್ಚುತ್ತದೆ, ಅಷ್ಟರಲ್ಲಿ ಬೆಳಕು ಹೆಚ್ಚಾಗಿ ಬಿದ್ದಿರುತ್ತದೆ. ಲೆನ್ಸಿನ ಹಿಂದಿನ ಸಣ್ಣ ಸನ್ನೆಯನ್ನು ಬೆರಳಿನಿಂದ ತಳ್ಳಿ ಬಿಡಿ. ಎಲೆಗಳು ಥಟ್ಟನೆ ಮುಚ್ಚದೆ ತೂಕಡಿಸಿದರೆ ಬಿಚ್ಚಿ ತೊಳೆಸಬೇಕು. ಬೆಳಗಾವಿಯ ವಿದ್ಯಾರ್ಥಿನಿಗೆ ಹೇಳಿದಂತೆ ಉಂಗುರ ಹಾಕಿ ಇಒಎಸ್‌ನಲ್ಲಿ ಬಳಸುವುದಾದರೆ ಎಣ್ಣೆ ಇದ್ದರೂ ಚಿಂತೆಯಿಲ್ಲ. ಅಲ್ಲಿ ಫೋಟೋಕ್ಕೆ ಮೊದಲೇ ಬೆರಳಿನಿಂದ ಮುಚ್ಚಿರುತ್ತೀರಿ, ಎಲೆ ಓಡಬೇಕಾದ ಅಗತ್ಯವೇ ಇಲ್ಲ. ಎಣ್ಣೆ ಹಿಡಿದದ್ದೆಂದು ಮೂಲೆಗೆ ಎಸೆದ ಎಷ್ಟೋ ಲೆನ್ಸುಗಳು ಹೀಗೆ ಮರಳಿ ಕೆಲಸಕ್ಕೆ ಬಂದಿವೆ.

ಪ್ರಶ್ನೆ: ನಮ್ಮದು ಮಳೆಯ ಊರು. ಅಜ್ಜನ ಲೆನ್ಸನ್ನು ಚರ್ಮದ ಚೀಲದಲ್ಲಿ ಹಾಕಿ ಜೋಪಾನವಾಗಿಟ್ಟಿದ್ದೆವು. ಈಗ ಒಳಗೆ ಜೇಡರ ಬಲೆಯಂಥದ್ದು ಕಾಣುತ್ತಿದೆ.
– ಓದುಗರು, ಖಾನಾಪುರ

ಉತ್ತರ: ಅದು ಬೂಷ್ಟು, ಅಂಗಡಿಯ ಭಾಷೆಯಲ್ಲಿ ಫಂಗಸ್. ಜೋಪಾನ ಮಾಡಿದ್ದೇ ತಪ್ಪಾಯಿತು. ಚರ್ಮದ ಚೀಲ ತೇವವನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ, ಫಂಗಸ್‌ಗೆ ಅದೇ ಅನ್ನ, ಅದೇ ಹಾಸಿಗೆ. ಬೇಗ ಬಿಚ್ಚಿಸಿ ಒರೆಸಿದರೆ ಹೋಗುತ್ತದೆ. ತಡವಾದರೆ ಗಾಜಿನ ಮೇಲಿನ ಲೇಪನವನ್ನೇ ತಿಂದು ಗುರುತು ಉಳಿಸುತ್ತದೆ, ಅದನ್ನು ಯಾರೂ ಅಳಿಸಲಾರರು. ಸಣ್ಣ ಎಳೆಗಳಷ್ಟೇ ಇದ್ದರೆ ಫೋಟೋದಲ್ಲಿ ಗೊತ್ತಾಗುವುದು ಕಡಿಮೆ, ಸೂರ್ಯ ಎದುರಿಗಿದ್ದಾಗ ಮಾತ್ರ ಚಿತ್ರ ಹಾಲು ಚೆಲ್ಲಿದಂತೆ ಮಂಕಾಗುತ್ತದೆ.

ಇನ್ನು ಮುಂದೆ ಚೀಲ ಬೇಡ. ಬಿಗಿಯಾಗಿ ಮುಚ್ಚುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ತೇವ ಹೀರುವ ನೀಲಿ ಸಿಲಿಕಾ ಜೆಲ್ ಹರಳು ಹಾಕಿ ಲೆನ್ಸನ್ನು ಇಡಿ. ಅಕ್ಕಿಯ ಡಬ್ಬಿಯಲ್ಲಿಡಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ, ಅಕ್ಕಿಯ ಹಿಟ್ಟು ಫೋಕಸ್ ಉಂಗುರದೊಳಗೆ ಸೇರುತ್ತದೆ. ನೀಲಿ ಹರಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ತೇವ ತುಂಬಿದೆ ಎಂದರ್ಥ. ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತದೆ. ಅದಕ್ಕಾಗಿ ಬೇರೆಯೇ ಒಂದು ಹಳೆಯ ಬಾಣಲೆ ಇಟ್ಟುಕೊಳ್ಳಿ. ರೊಟ್ಟಿಯ ಹಂಚಿನ ಮೇಲೆ ಹುರಿಯಬೇಡಿ, ಆ ನೀಲಿಯಲ್ಲಿರುವುದು ಕೋಬಾಲ್ಟ್, ಹೊಟ್ಟೆಗೆ ಹೋಗಬಾರದ್ದು.